ಕರಿ ನಾಲ್ಕರ ಮೇಲೆ ಸುಣ್ಣದ ಚುಕ್ಕೆ

ಚುಕ್ಕೆ ಎಳ್ಳುಕಾಳಿನಷ್ಟಿತ್ತು. ಪೇಟಿಯ ನಾಲ್ಕನೆಯ ಕರಿ ಪಟ್ಟಿಯ ಮೇಲೆ, ಬೆರಳು ಬೀಳುವ ಜಾಗಕ್ಕಿಂತ ತುಸು ಹಿಂದೆ, ಸೀಮೆಸುಣ್ಣದ ಚೂರನ್ನು ಒದ್ದೆ ಮಾಡಿ ನಾನೇ ಇಟ್ಟಿದ್ದೆ. ಸಾಲೆಯ ವಾರ್ಷಿಕ ಸಮ್ಮೇಳನದ ವೇದಿಕೆಯ ಮೇಲೆ ಸಂಗೀತದ ಮಾಸ್ತರರು ಪೇಟಿಯ ಮುಂದೆ ಕುಳಿತರು, ಧೋತರದ ನಿರಿಗೆ ಸರಿಮಾಡಿಕೊಂಡರು, ಚುಕ್ಕೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಹೆಬ್ಬೆರಳಿನಿಂದ ಅದನ್ನು ಒರೆಸಿದರು. ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡರು. ನಂತರ ಐದನೆಯ ಕರಿ ಪಟ್ಟಿ ಒತ್ತಿದರು.

ಹಾಡಿನ ಪರಿಚಯವಿಲ್ಲದವರಿಗೆ ಇದರಲ್ಲಿ ಏನಾಯಿತೆಂದು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತೇವೆ. ಅದರ ಕರಿ, ಬಿಳಿ ಪಟ್ಟಿಗಳಲ್ಲಿ ಯಾವುದನ್ನು ಷಡ್ಜವೆಂದು ಹಿಡಿಯುತ್ತೇವೆಯೋ ಇಡೀ ಹಾಡು ಅದರ ಮೇಲೆ ನಿಲ್ಲುತ್ತದೆ. ಅದನ್ನೇ ಸೂರು ಕೊಡುವುದು ಅನ್ನುತ್ತಾರೆ. ನನ್ನ ಮೇಳದ ಇಪ್ಪತ್ತು ಹುಡುಗಿಯರು ಮಳೆಗಾಲವೆಲ್ಲ ಸಮ್ಮೇಳನದ ಪ್ರಾರ್ಥನೆಯನ್ನು ಕರಿ ನಾಲ್ಕರಲ್ಲಿ ಕಲಿತಿದ್ದರು. ಕರಿ ಐದು ಅದಕ್ಕಿಂತ ಒಂದು ಪೂರ್ತಿ ಸ್ವರ ಮೇಲೆ. ಕೆಳಗಿನ ಸಾಲುಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಾಡು ಏರಿದಾಗ ತಿಳಿಯುತ್ತದೆ.

ಏರಿತು. ‘ತೆನೆ’ ಎಂಬ ಮಾತು ಮೇಲಿನ ಗಾಂಧಾರದಲ್ಲಿ ಬರುತ್ತಿತ್ತು. ಅದನ್ನು ಮೊದಲು ಒಬ್ಬಳೇ ಎತ್ತಬೇಕು, ಉಳಿದವರು ಕೂಡಿಕೊಳ್ಳಬೇಕು. ಎತ್ತುವವಳು ಅಮ್ಮಿನಬಾವಿಯ ಒಬ್ಬ ಅರಳೆ ವ್ಯಾಪಾರಿಯ ಮಗಳು, ಧಾರವಾಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಧ್ವನಿ ಗಾಂಧಾರದ ತನಕ ಹೋಗಿ ಒಡೆಯಿತು. ಒಡೆದದ್ದು ಸಣ್ಣಗಲ್ಲ. ಸಭೆಯ ಹಿಂದಿನ ಸಾಲಿನಿಂದ ಯಾರೋ, “ಕೋಳಿ ಕೂಗ್ತಲೇ, ಬೆಳಗಾತು ಏಳ್ರಿ!” ಎಂದರು. ಸಭೆ ನಕ್ಕಿತು. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ನಿಂತರು. ಮಾಸ್ತರರು ಪೇಟಿಯ ತಿದಿ ಬಿಟ್ಟು, ಕೈಮುಗಿದು, ಸಭೆಗೆ ಹೇಳಿದರು:

“ಹಿರ್ಯಾರು ಕ್ಷಮಿಸಬೇಕ್ರಿ. ಸೂರು ಗವಾಯಿ ಕೊಡ್ತಾನ, ಹಾಡಾವರು ಹಿಡೀಬೇಕು. ಬಿ.ಎ. ಪಾಸ್ ಆದ ಕೂಡಲೇ ಗಂಟಲಾ ಪಾಸ್ ಆಗೂದಿಲ್ಲ ನೋಡ್ರಿ.”

ಸಭೆ ಇನ್ನೊಮ್ಮೆ ನಕ್ಕಿತು. ಆ ಸಾಲೆಯ ಅಕ್ಕಾರುಗಳಲ್ಲಿ, ಅಂದರೆ ಶಿಕ್ಷಕಿಯರಲ್ಲಿ, ಬಿ.ಎ. ಪಾಸಾದವಳು ನಾನೊಬ್ಬಳೇ.

ಅವರು ಹೀಗೆ ಮಾಡಿದ್ದಕ್ಕೆ ಕಾರಣವಿತ್ತು. ಬಹಳ ವರ್ಷಗಳಿಂದ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದವರು ಅವರೇ. ಅವರ ಗಂಟಲಿಗೆ ಕರಿ ಎರಡು ಹಿತ. ಆದ್ದರಿಂದ ಎಲ್ಲರಿಗೂ ಕರಿ ಎರಡು. ಹೆಣ್ಣುಮಕ್ಕಳು ಆ ಷಡ್ಜದಲ್ಲಿ ಹಾಡಿದರೆ ಕೆಳಗಿನ ಸಾಲುಗಳು ಗುರುಗುಟ್ಟುತ್ತವೆ, ಇಲ್ಲವೇ ಒಂದು ಸಪ್ತಕ ಮೇಲೆ ಹಾರಿ ಚೀರಬೇಕಾಗುತ್ತದೆ. ವರ್ಷ ತುಂಬುವುದರೊಳಗೆ ಹಲವರ ಧ್ವನಿ ಬಡಕಲಾಗುತ್ತಿತ್ತು. ಮೇಳವನ್ನು ನನ್ನ ಕೈಗೆ ಕೊಟ್ಟ ಹೊಸತರಲ್ಲಿ, ಶಿಕ್ಷಕರ ಕೋಣೆಯಲ್ಲಿ, ನಾನು ಇದನ್ನು ಅವರ ಎದುರಿಗೇ ಹೇಳಿದ್ದೆ: “ಅದು ನಿಮ್ಮ ಗಂಟಲಿನ ಅಳತಿ ಮಾಸ್ತರ. ಹುಡುಗ್ಯಾರದಲ್ಲ.” ಅವರು ಚಹಾದ ಬಸಿಯನ್ನು ಕೆಳಗಿಟ್ಟು ಎದ್ದುಹೋದರು. ಉತ್ತರ ಸಮ್ಮೇಳನದ ದಿನ ಬಂತು.

ಮರುವಾರ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿದರು. ವಯಸ್ಸಾದವರು, ಮಾತು ಮೆಲ್ಲಗೆ ಆಡುವವರು.

“ನೋಡವಾ, ಮಾಸ್ತರು ಈ ಸಾಲ್ಯಾಗ ನನಗಿಂತ ಹಳಬರು. ಸಮಿತಿಯವರು ಮೇಳಾ ತಿರುಗಿ ಅವರಿಗೇ ಒಪ್ಪಿಸ್ರಿ ಅನ್ನಾಕತ್ತಾರ. ಒಂದು ವರ್ಷ ತಡೀರಿ ಅಂತ ನಾ ಕೇಳಿಕೊಂಡೇನಿ. ಮುಂದಿನ ಸಮ್ಮೇಳನಕ್ಕೂ ಹಿಂಗ ಆತಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ.”

“ಪೇಟಿ ಇಲ್ಲದ ಹಾಡ್ತೀವ್ರಿ.”

“ಪೇಟಿ ಬಿಟ್ಟು? ಬೀಸೂ ಕಲ್ಲಿನ ಮುಂದ ಕೂತು ಹಾಡಿಧಂಗಾ? ಸಮಿತಿ ಅಧ್ಯಕ್ಷರು ಒಪ್ಪೂದಿಲ್ಲ. ಸೂರು ಮಾಸ್ತರು ಕೊಡಬೇಕು. ಅದು ಈ ಸಾಲಿ ಪದ್ಧತಿ.”

ಚುಕ್ಕೆಯ ಮಾತನ್ನು ನಾನು ಎತ್ತಲಿಲ್ಲ. ಒರೆಸಿದ ಚುಕ್ಕೆಗೆ ಸಾಕ್ಷಿ ಇರುವುದಿಲ್ಲ. ಹೊರಗೆ ಬರುವಾಗ ನನಗೆ ಎರಡು ಸಂಗತಿಗಳು ಸ್ಪಷ್ಟವಾಗಿದ್ದವು. ಮುಂದಿನ ವರ್ಷವೂ ಅದೇ ಮನುಷ್ಯ ಅದೇ ಪೇಟಿಯ ಮುಂದೆ ಕೂಡುತ್ತಾನೆ. ಮೇಳ ಉಳಿಯಬೇಕಾದರೆ ಅವನು ಏನು ಒತ್ತಿದರೂ ಹುಡುಗಿಯರು ಅಲುಗದಿರಬೇಕು. ಮೂರನೆಯ ಸಂಗತಿ ಯಾರಿಗೂ ಹೇಳುವಂಥದಲ್ಲ: ಅವನು ಏನನ್ನಾದರೂ ಒತ್ತಲಿ ಎಂದೇ ನನಗೆ ಬೇಕಾಗಿತ್ತು. ಅದೇ ಸಭೆಯ ಮುಂದೆ, ಅದೇ ಕೈಯಿಂದ.

ಜೂನ್‌ನಲ್ಲಿ ಸಾಲೆ ತೆರೆದಾಗ ಬುಡದಿಂದ ಹಿಡಿದೆ. ಪ್ರಾರ್ಥನೆಯ ಗಂಟೆಗೆ ಮುಂಚಿನ ಅರ್ಧ ತಾಸು ಮೇಳದ್ದು. ನಾನು ಚಿಕ್ಕವಳಿದ್ದಾಗ ಮಿಶನ್ ಸಾಲೆಯ ಮೇಳದಲ್ಲಿ ಹಾಡಿದವಳು. ಅಲ್ಲಿ ಹೇಳಿಕೊಟ್ಟ ಕೆಲವು ಅಭ್ಯಾಸಗಳು ನೆನಪಿದ್ದವು, ಉಳಿದದ್ದನ್ನು ಇಲ್ಲಿಯ ಗಂಟಲುಗಳನ್ನು ನೋಡಿ ಕಲಿತೆ.

ಮೊದಲ ಕೆಲವು ವಾರ ಹಾಡೇ ಇಲ್ಲ. ಪಕ್ಕೆಲುಬುಗಳ ಕೆಳಗೆ ಎರಡೂ ಕೈ ಇಟ್ಟುಕೊಂಡು ಉಸಿರು ಎಳೆಯುವುದು. ಹೆಗಲು ಏರಿದರೆ ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿದೆ ಎಂದರ್ಥ. ಕೈಗಳು ಹೊರಕ್ಕೆ ಸರಿದರೆ ಸರಿ. ಆಮೇಲೆ ಸೈಕಲ್ಲಿನ ಗಾಲಿಯಿಂದ ಗಾಳಿ ಸೋರುವ ಹಾಗೆ ‘ಸ್’ ಎಂದು ಒಂದೇ ಸಮ ಬಿಡುವುದು. ಒಬ್ಬಳಿಗೆ ನಗು ಬಂದರೆ ಇಪ್ಪತ್ತೂ ಗಾಲಿಗಳು ಒಮ್ಮೆಲೇ ಪಂಕ್ಚರ್ ಆಗುತ್ತಿದ್ದವು. ನಾನು ನಗುತ್ತಿರಲಿಲ್ಲ. ನಗು ಮುಗಿಯುವ ತನಕ ನಿಂತು ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದೆ.

ಎರಡನೆಯದು ಬಾಯಿ. ಮೇಲಿನ ಸ್ವರಗಳಲ್ಲಿ ಅಂಗುಳು ಮೇಲಕ್ಕೆ ಎದ್ದಿರಬೇಕು, ನಾಲಿಗೆ ಕೆಳಗೆ ಮಲಗಿರಬೇಕು. ಇದನ್ನು ಮಾತಿನಲ್ಲಿ ಹೇಳಿದರೆ ಯಾರಿಗೂ ತಿಳಿಯಲಿಲ್ಲ. ಒಂದು ದಿನ ಕೇಳಿದೆ, “ಹಂಚಿನ ಮ್ಯಾಲಿಂದ ತಗದ ಬಿಸಿ ರೊಟ್ಟಿ ಬಾಯಾಗ ಹಾಕ್ಕೊಂಡ್ರ ಏನ್ ಮಾಡ್ತೀರಿ?” ಇಪ್ಪತ್ತು ಬಾಯಿಗಳು ‘ಹಾ’ ಎಂದು ತೆರೆದವು; ಅಂಗುಳು ತಾನಾಗಿ ಎದ್ದಿತು. ಅಂದಿನಿಂದ ಅದರ ಹೆಸರೇ ಬಿಸಿ ರೊಟ್ಟಿ. ಯಾವುದೇ ಸಾಲಿನಲ್ಲಿ ಧ್ವನಿ ಬಿಗಿದರೆ “ರೊಟ್ಟಿ” ಅಂದರೆ ಸಾಕು.

‘ತೆನೆ’ಯಲ್ಲಿಯೂ ಒಂದು ತೊಡಕಿತ್ತು. ನಮ್ಮ ಹುಡುಗಿಯರು ಆಡುವಂತೆಯೇ ಹಾಡಿ ಅದನ್ನು ‘ತೆನಿ’ ಮಾಡುತ್ತಿದ್ದರು. ಮಾತಿನಲ್ಲಿ ಚೆಂದ, ಆದರೆ ಮೇಲಿನ ಗಾಂಧಾರದಲ್ಲಿ ‘ಇ’ ಬಂದರೆ ನಾಲಿಗೆ ಏರಿ ಗಂಟಲು ಹಿಂಡಿದಂತಾಗುತ್ತದೆ. ಹಿಂದಿನ ವರ್ಷ ಧ್ವನಿ ಒಡೆದದ್ದಕ್ಕೆ ಪಟ್ಟಿ ಏರಿಸಿದ್ದು ಒಂದು ಕಾರಣ, ಈ ಹಿಂಡಿದ ಗಂಟಲು ಇನ್ನೊಂದು. ಮಾಸ್ತರರು ಅದನ್ನು ಬಲ್ಲವರೇ. ಎಲ್ಲಿ ಒಡೆಯುತ್ತದೆಂದು ಗೊತ್ತಿದ್ದೇ ಏರಿಸಿದ್ದರು. ‘ತೆ’ ಮತ್ತು ‘ನೆ’ಗಳ ನಡುವೆ ದವಡೆ ಮುಚ್ಚದಂತೆ, ಹಲ್ಲುಗಳ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಬಿಟ್ಟು ಹಾಡಿಸಿದೆ.

ಅಮ್ಮಿನಬಾವಿಯ ಹುಡುಗಿ ಮೇಳಕ್ಕೆ ಬರಲಿಲ್ಲ. ತರಗತಿಗೆ ಬರುತ್ತಿದ್ದಳು, ಮೂಲೆಯಲ್ಲಿ ಕೂಡುತ್ತಿದ್ದಳು. ಪೇಟೆಯಲ್ಲಿ ಅವಳನ್ನು ಕಂಡ ಹುಡುಗರು ‘ಕೊಕ್ಕೊಕ್ಕೋ’ ಅನ್ನುತ್ತಿದ್ದರೆಂದು ಗೆಳತಿಯರಿಂದ ತಿಳಿಯಿತು. ನಾನು ಕರೆದು ಕೇಳಿದೆ.

“ನಾ ಬಾಯಿ ತೆರಿಯಾಂಗಿಲ್ರಿ ಅಕ್ಕಾರ.”

“ತೆರೀಬ್ಯಾಡ. ಸುಮ್ನ ಬಂದು ಕೂಡು.”

ಬಂದು ಕುಳಿತಳು. ಆಗ ನನಗೆ ಅವಳಿಂದ ಏನೂ ಬೇಕಾಗಿರಲಿಲ್ಲ. ಅವಳು ಕಣ್ಣೆದುರು ಇದ್ದರೆ ನನ್ನ ಸಿಟ್ಟು ಆರುತ್ತಿರಲಿಲ್ಲ, ಅಷ್ಟೇ.

ದಸರೆಯ ಹೊತ್ತಿಗೆ ಮೇಳ ಕರಿ ನಾಲ್ಕರಲ್ಲಿ ಚೆನ್ನಾಗಿ ನಿಂತಿತು. ಇನ್ನು ಅಲುಗದಿರುವುದನ್ನು ಕಲಿಸಬೇಕು. ನನಗೆ ಹೊಳೆದ ದಾರಿ ಸರಳವಾಗಿತ್ತು: ಪೇಟಿ ಕೇಳಿಸಿದರೆ ತಾನೇ ಅದು ಎಳೆಯುವುದು? ಕೇಳಿಸಲೇಬಾರದು. ಅಮ್ಮಿನಬಾವಿಯ ಹುಡುಗಿಗೆ ಊರಿನಿಂದ ಒಂದು ಹಿಡಿ ಅರಳೆ ತರಲು ಹೇಳಿದೆ. ತಂದೆಯ ಅಂಗಡಿಯದು, ಬೀಜ ತೆಗೆದದ್ದು, ಹಾಲಿನಷ್ಟು ಬಿಳುಪು. ಕರಿ ನಾಲ್ಕರಲ್ಲಿ ಷಡ್ಜ ಕೊಟ್ಟು, ಆಮೇಲೆ ಎಲ್ಲರ ಕಿವಿಗೂ ಅರಳೆ ತುಂಬಿಸಿದೆ. ಹಾಡು ಹಚ್ಚಿಸಿ, ನಡುವೆ ನಾನು ಪೇಟಿಯಲ್ಲಿ ಕರಿ ಐದು, ಬಿಳಿ ಆರು, ಬಿಳಿ ಏಳು, ಮನಸ್ಸಿಗೆ ಬಂದದ್ದನ್ನು ಒತ್ತಿದೆ. ಹುಡುಗಿಯರು ಅಲುಗಲಿಲ್ಲ. ನನಗೆ ಬಹಳ ಸಂತೋಷವಾಯಿತು. ಮನೆಗೆ ಹೋಗುವ ದಾರಿಯಲ್ಲಿ ಮಾಸ್ತರರ ಮುಖ ಹೇಗಾಗಬಹುದೆಂದು ಯೋಚಿಸುತ್ತ ನಡೆದೆ.

ಎರಡು ವಾರ ಹೀಗೆ ನಡೆಯಿತು. ಮೂರನೆಯ ವಾರ ಕಿಟಕಿಯ ಹೊರಗೆ ಯಾರೋ ಕೆಮ್ಮಿದರು. ಮಾಸ್ತರರು ಪಡಸಾಲೆಯಲ್ಲಿ ನಿಂತಿದ್ದರು, ಬಗಲಲ್ಲಿ ಕೊಡೆ.

“ಏನ್ರಿ ಅಕ್ಕಾರ, ಪೇಟಿ ಒಂದ ಕಡಿ, ಹಾಡು ಒಂದ ಕಡಿ. ಮದುವಿ ಮನ್ಯಾಗ ಬೀಗರು ಜಗಳಾಡಿಧಂಗ ಕೇಳಾಕತ್ತದಲ್ಲ!”

“ಅಭ್ಯಾಸ ನಡದದ ಮಾಸ್ತರ.”

“ನಡೀಲಿ, ನಡೀಲಿ. ಮ್ಯಾಲಿನ ಪಟ್ಟಿಗೆ ಭಾಳ ಅಂಜೀರಿ ಅಂತ ಕಾಣ್ತದ.” ನಕ್ಕು ಹೋದರು.

ಅವರು ಹೋದ ಮೇಲೆ ಪೇಟಿ ಮುಚ್ಚಿ ಬರಿಯ ಹಾಡು ಕೇಳಿದೆ. ವ್ಯಂಗ್ಯದಲ್ಲಿ ಹೇಳಿದ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕಿವಿ ಮುಚ್ಚಿಕೊಂಡ ಹುಡುಗಿಯರು ಪೇಟಿಯನ್ನಷ್ಟೇ ಅಲ್ಲ, ಒಬ್ಬರನ್ನೊಬ್ಬರೂ ಕೇಳುತ್ತಿರಲಿಲ್ಲ. ತಮ್ಮ ಧ್ವನಿ ತಮಗೆ ತಲೆಯೊಳಗೆ ಮೊಳಗುತ್ತಿದ್ದುದರಿಂದ ಪ್ರತಿಯೊಬ್ಬಳೂ ತಾನೇ ಸರಿ ಎಂದುಕೊಂಡು ಒದರುತ್ತಿದ್ದಳು. ಎಡಬದಿಯವರು ಕೂದಲೆಳೆಯಷ್ಟು ಏರಿದ್ದರು, ಬಲಬದಿಯವರು ಇಳಿದಿದ್ದರು. ಬಿಸಿ ರೊಟ್ಟಿ ಮರೆತುಹೋಗಿತ್ತು. ಗಂಟಲಿನ ನರಗಳು ಎದ್ದು ಕಾಣುತ್ತಿದ್ದವು. ಅರಳೆ ತೆಗೆಸಿ ಮತ್ತೆ ಹಾಡಿಸಿದೆ. ಇನ್ನೂ ಕೆಟ್ಟಿತು. ಇಪ್ಪತ್ತು ಜನ ಇಪ್ಪತ್ತು ಹಾಡು ಹಾಡಿದರು.

ಒಂದು ಮಳೆಗಾಲದ ಕೆಲಸವನ್ನು ಎರಡೇ ವಾರದಲ್ಲಿ ನಾನೇ ಕೆಡಿಸಿದ್ದೆ. ಮಾಸ್ತರರು ಕೆಡಿಸಿದ್ದಕ್ಕಿಂತ ಹೆಚ್ಚು ಕೆಡಿಸಿದ್ದೆ. ಆ ದಿನ ಮೇಳವನ್ನು ಬೇಗ ಬಿಟ್ಟೆ.

ಹುಡುಗಿಯರು ಹೋದ ಮೇಲೆ ನೆಲದ ಮೇಲೆ ಬಿದ್ದ ಅರಳೆಯ ಉಂಡೆಗಳನ್ನು ಆರಿಸುತ್ತ ಕುಳಿತಿದ್ದಾಗ ಮೂಲೆಯಿಂದ ಸಣ್ಣ ದನಿ ಕೇಳಿಸಿತು. ಅಮ್ಮಿನಬಾವಿಯ ಹುಡುಗಿ ಪಾಟಿಚೀಲ ಕಟ್ಟಿಕೊಳ್ಳುತ್ತ, ತುಟಿ ಮುಚ್ಚಿ, ತನಗೇ ಗೊತ್ತಿಲ್ಲದಂತೆ ಹಾಡನ್ನು ಗುನುಗುತ್ತಿದ್ದಳು. ಪೇಟಿಯ ಕರಿ ನಾಲ್ಕನ್ನು ಮೆಲ್ಲಗೆ ಒತ್ತಿ ನೋಡಿದೆ. ಅಲ್ಲಿಯೇ ಇದ್ದಳು. ಕರಿ ಐದು ಒತ್ತಿದೆ. ಅವಳು ಕತ್ತೆತ್ತಿ ನೋಡಿದಳು, ಗುನುಗುವುದನ್ನು ಬಿಡಲಿಲ್ಲ, ಜಾರಲೂ ಇಲ್ಲ. ಕಿವಿಯಲ್ಲಿ ಅರಳೆ ಇರಲಿಲ್ಲ.

“ಪೇಟಿ ಕೇಳಿಸ್ತದೇನು ನಿನಗ?”

“ಕೇಳಿಸ್ತೈತ್ರಿ.”

“ಮತ್ತ ಜಾರವಲ್ಲಿ?”

“ಅದರ ಪಾಡಿಗೆ ಅದು ಒದರತೈತ್ರಿ ಅಕ್ಕಾರ. ನನ್ನದು ಮೂಗಿನ ಬುಡದಾಗ ನಡುಗತೈತಿ. ನಾ ಅದನ್ನ ಹಿಡಕೊಂಡೇನ್ರಿ.”

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹಲ್ಲುಗಳ ನಡುವೆ ಸಂದು ಬಿಟ್ಟು, ತುಟಿ ಮುಚ್ಚಿ ‘ಮ್’ ಎಂದು ಹಿಡಿದರೆ ಸ್ವರ ಮೂಗಿನ ಬುಡದಲ್ಲಿ, ಕೆನ್ನೆಯೆಲುಬಿನಲ್ಲಿ ನಡುಗುತ್ತದೆ. ಹಾಡುವವರಿಗೆ ಅದು ಕಿವಿಗಿಂತ ಗಟ್ಟಿಯಾದ ಆಸರೆ. ಮಿಶನ್ ಸಾಲೆಯಲ್ಲಿ ದಿನಾ ಮಾಡಿದ ಅಭ್ಯಾಸ. ಸೇಡಿನ ಆತುರದಲ್ಲಿ ಅದನ್ನು ಬಿಟ್ಟು ಕಿವಿ ಮುಚ್ಚಲು ಹೋಗಿದ್ದೆ.

ಅಲ್ಲಿಂದ ಕ್ರಮವನ್ನು ತಿರುಗಿಸಿದೆ. ಅರಳೆಯನ್ನು ಒಲೆಗೆ ಹಾಕಿದೆ. ಕೇಳಬೇಡಿ ಅನ್ನುವುದನ್ನು ನಿಲ್ಲಿಸಿ, ಯಾರನ್ನು ಕೇಳಬೇಕೆಂದು ಹೇಳಿಕೊಟ್ಟೆ. ಉದ್ದ ಸಾಲುಗಳನ್ನು ಮುರಿದು ಮೇಳವನ್ನು ಕುದುರೆ ಲಾಳದ ಆಕಾರದಲ್ಲಿ ಎರಡು ಸಾಲು ನಿಲ್ಲಿಸಿದೆ, ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸಿಗುವಂತೆ. ಅಮ್ಮಿನಬಾವಿಯ ಹುಡುಗಿಯನ್ನು ಹಿಂದಿನ ಸಾಲಿನ ನಟ್ಟನಡುವೆ ಇಟ್ಟೆ. ಅವಳು ಹಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡು ಷಡ್ಜವನ್ನು ಹಿಡಿದಿರಬೇಕು. ಹಿಂದಿನ ಸಾಲಿನವರು ಮುಂದಿನವರ ಬೆನ್ನಿನ ಮೇಲೆ, ಹೆಗಲೆಲುಬಿನ ಕೆಳಗೆ ಒಂದು ಅಂಗೈ ಇಡಬೇಕು. ಸರಿಯಾಗಿ ಗುನುಗಿದರೆ ಅಂಗೈಗೆ ಸಣ್ಣ ನಡುಕ ತಿಳಿಯುತ್ತದೆ. ಗಂಟಲು ಬಿಗಿದರೆ ನಡುಕ ನಿಲ್ಲುತ್ತದೆ. ನಿಂತ ಕಡೆ ಬೆರಳಿನಿಂದ ಒಮ್ಮೆ ತಟ್ಟಬೇಕು. ಉಸಿರನ್ನು ಎಲ್ಲರೂ ಒಮ್ಮೆಲೇ ತೆಗೆದುಕೊಳ್ಳದೆ, ಪಕ್ಕದವಳು ಹಾಡುತ್ತಿರುವಾಗ ಕದ್ದು ತೆಗೆದುಕೊಳ್ಳಬೇಕು. ಆಗ ಹಾಡಿನ ಸಾಲು ಎಲ್ಲಿಯೂ ತುಂಡಾಗುವುದಿಲ್ಲ, ಪೇಟಿ ನುಗ್ಗಲು ಸಂದು ಸಿಗುವುದಿಲ್ಲ.

ಮೊದಲು ಪೇಟಿಯಿಲ್ಲದೆ. ಆಮೇಲೆ ಪೇಟಿ ಸಣ್ಣಗೆ, ದೂರದಲ್ಲಿ. ಆಮೇಲೆ ಹತ್ತಿರ. ಯಾರ ಗಂಟಲೂ ಬಿಗಿಯುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಒಂದು ಹೆಜ್ಜೆ ಮುಂದೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ನಾನು ಯಾವ ಮೇಲಿನ ಪಟ್ಟಿ ಒತ್ತಿದರೂ ಅವರ ಮುಖದಲ್ಲಿ ಗೆರೆ ಮೂಡುತ್ತಿರಲಿಲ್ಲ. ಗೆಳತಿಯರು ಅಮ್ಮಿನಬಾವಿಯ ಹುಡುಗಿಯನ್ನು ‘ಗೂಟಾ’ ಎಂದು ಕರೆಯತೊಡಗಿದರು. “ಎಲ್ಲಾ ಎಮ್ಮಿ ಇಕಿಗೇ ಕಟ್ಟೇವ್ರಿ ಅಕ್ಕಾರ,” ಎಂದು ಒಬ್ಬಳು ಹೇಳಿದಾಗ ಆ ಹುಡುಗಿ ವರ್ಷದಲ್ಲಿ ಮೊದಲ ಸಲ ನಕ್ಕಳು.

ಅವಳೇ ಒಮ್ಮೆ ಕೇಳಿದಳು, “ಮಾಸ್ತರು ಈ ಸಲ ಸರಿ ಸೂರು ಕೊಟ್ರ ಏನ್ ಮಾಡೂದ್ರಿ?”

“ಹಾಡೂದು.”

ಹಾಗೆಂದೆ. ಅವರು ಸರಿ ಸೂರು ಕೊಟ್ಟರೆ ಮೇಳ ಉಳಿಯುತ್ತಿತ್ತು. ನನ್ನ ಲೆಕ್ಕ ಮಾತ್ರ ತೀರುತ್ತಿರಲಿಲ್ಲ. ಸಮ್ಮೇಳನದ ಹಿಂದಿನ ದಿನ ಅಧ್ಯಕ್ಷರು ಹುಬ್ಬಳ್ಳಿಯ ಒಬ್ಬ ವೃದ್ಧ ಗವಾಯಿಗಳು ಅತಿಥಿಗಳಾಗಿ ಬರುತ್ತಾರೆಂದು ತಿಳಿಸಿದರು. ಮಾಸ್ತರರು ಆ ಹೆಸರು ಕೇಳಿ ಭಕ್ತಿಯಿಂದ ಕಿವಿ ಹಿಡಿದುಕೊಂಡರು. ಅವರ ಎದುರು ಬಾರಿಸುವುದೇ ಪುಣ್ಯವೆಂದರು. ನನಗೂ ಸಂತೋಷವಾಯಿತು.

ಸಮ್ಮೇಳನದ ದಿನ ಮಧ್ಯಾಹ್ನ, ವೇದಿಕೆಯ ಮೇಲೆ ಯಾರೂ ಇಲ್ಲದಾಗ, ಸೀಮೆಸುಣ್ಣದ ಚೂರನ್ನು ಒದ್ದೆ ಮಾಡಿ ನಾಲ್ಕನೆಯ ಕರಿ ಪಟ್ಟಿಯ ಮೇಲೆ ಚುಕ್ಕೆ ಇಟ್ಟೆ. ಹಿಂದಿನ ವರ್ಷದ್ದು ಗುರುತಿಗೆ. ಈ ವರ್ಷದ್ದು ಗುರುತಿಗಲ್ಲ. ನನ್ನ ಮೇಳ ಇನ್ನೂ ಆ ಒಂದು ಪಟ್ಟಿಗೇ ಜೋತುಬಿದ್ದಿದೆ ಎಂದು ಅವರು ಓದಿಕೊಳ್ಳಲಿ ಎಂದು. ಹಿಂದಿನದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಇಟ್ಟೆ.

ಪಕ್ಕದ ತರಗತಿಯಲ್ಲಿ ನನ್ನ ತಂಬೂರಿಯನ್ನು ಕರಿ ನಾಲ್ಕಕ್ಕೆ ಕೂಡಿಸಿ ಅಮ್ಮಿನಬಾವಿಯ ಹುಡುಗಿಯ ಮುಂದೆ ಹಿಡಿದೆ. ಕರೆ ಬಂದಾಗ ಅವಳು ತುಟಿ ಮುಚ್ಚಿ ಆ ಸ್ವರವನ್ನು ತೆಗೆದುಕೊಂಡು, ತುಂಬಿದ ಕೊಡ ಹೊತ್ತವಳಂತೆ ಅಡಿ ನೋಡಿ ಇಡುತ್ತ ವೇದಿಕೆಯ ತನಕ ನಡೆದಳು. ಹುಡುಗಿಯರು ಲಾಳದ ಆಕಾರದಲ್ಲಿ ನಿಂತರು, ಅಂಗೈಗಳು ಬೆನ್ನಿಗೆ ಹೋದವು. ನಾನು ಬದಿಗೆ ನಿಂತೆ. ಮುಂದಿನ ಗಾದಿಯ ಮೇಲೆ ವೃದ್ಧ ಗವಾಯಿಗಳು ಕಣ್ಣು ಮುಚ್ಚಿ ಕುಳಿತಿದ್ದರು. ಹಿಂದಿನ ಸಾಲುಗಳಲ್ಲಿ ಕಳೆದ ವರ್ಷದ ಮುಖಗಳೇ.

ಮಾಸ್ತರರು ಚುಕ್ಕೆಯನ್ನು ನೋಡಿದರು. ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಿದೆ. ಅವರು ಹೆಬ್ಬೆರಳಿನಿಂದ ಒರೆಸಿದರು.

ಆ ಕ್ಷಣದ ನನ್ನ ಸಂತೋಷವನ್ನು ಇಲ್ಲಿ ಬಣ್ಣಿಸುವುದಿಲ್ಲ. ಅದು ಬಹಳ ಹೊತ್ತು ಉಳಿಯಲೂ ಇಲ್ಲ. ಅವರು ಮೇಲಕ್ಕೆ ಹೋಗಲಿಲ್ಲ. ಒತ್ತಿದ್ದು ಕರಿ ಎರಡು, ತಮ್ಮ ಸ್ವಂತ ಷಡ್ಜ. ಕಿಟಕಿಯ ಹೊರಗೆ ನಿಂತು ಕೇಳಿದ್ದು ಅವರಿಗೆ ಉಪಯೋಗಕ್ಕೆ ಬಂದಿತ್ತು: ನಾನು ಮೇಲಿನ ಪಟ್ಟಿಗಳಿಗೆ ಮಾತ್ರ ಹುಡುಗಿಯರನ್ನು ಗಟ್ಟಿ ಮಾಡಿದ್ದೆ. ಕೆಳಗಿನದನ್ನು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಆಗ ಧ್ವನಿವರ್ಧಕ ನಮ್ಮ ಸಾಲೆಯ ತನಕ ಬಂದಿರಲಿಲ್ಲ. ಹುಡುಗಿಯರು ಆ ಷಡ್ಜಕ್ಕೆ ಇಳಿದರೆ ಅವರ ಗುರುಗುಟ್ಟುವಿಕೆ ಸಭೆಯ ಮೂರನೆಯ ಸಾಲನ್ನೂ ಮುಟ್ಟುತ್ತಿರಲಿಲ್ಲ.

ಇನ್ನೊಂದು ಅಪಾಯವೂ ಇತ್ತು. ಕರಿ ನಾಲ್ಕಕ್ಕೆ ಕರಿ ಎರಡು ಕೆಳಗಿನ ಪಂಚಮ. ಷಡ್ಜಕ್ಕೂ ಪಂಚಮಕ್ಕೂ ಬಹಳ ಸ್ನೇಹ. ಪಕ್ಕದ ಸ್ವರ ಜಗಳಕ್ಕೆ ಬರುತ್ತದೆ, ಅದರೆದುರು ಕಾಲೂರಿ ನಿಲ್ಲಬಹುದು. ಪಂಚಮ ಜಗಳವಾಡುವುದಿಲ್ಲ. ಬಾ ಎಂದು ಕರೆಯುತ್ತದೆ, ಕಿವಿ ತಿಳಿಯದೆ ಜಾರುತ್ತದೆ.

ಹಾಡಿನ ಮೊದಲ ಸಾಲು ಬಂತು. ಬಲತುದಿಯ ಇಬ್ಬರು ಜಾರಿದರು. ನನಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಒಂದು ಬೆರಳು ತಟ್ಟಿದ್ದು ಕಂಡಿತು, ಪಕ್ಕದ್ದೂ ತಟ್ಟಿತು. ನಡುವೆ ಅಮ್ಮಿನಬಾವಿಯ ಹುಡುಗಿ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ನಿಂತಿದ್ದಳು. ಎರಡನೆಯ ಸಾಲಿನ ಅರ್ಧದಲ್ಲಿ ಜಾರಿದ ಇಬ್ಬರೂ ತಿರುಗಿ ಬಂದರು. ಮೂರನೆಯ ಸಾಲನ್ನು ಮೇಳ ಇಡಿಯಾಗಿ ಎತ್ತಿತು.

ಈಗ ಒಂದೇ ಹಾಡು ಮಾಳಿಗೆಯ ಮೇಲೊಂದು, ಕೆಳಗೊಂದು ನಡೆಯುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಹುಡುಗಿಯರು ತಮ್ಮ ಷಡ್ಜಕ್ಕೆ ಬಂದು ನಿಲ್ಲುವರು, ಪೇಟಿ ತನ್ನದಕ್ಕೆ ಹೋಗಿ ನಿಲ್ಲುವುದು. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಮಾಸ್ತರರ ಕುತ್ತಿಗೆಯ ಮೇಲೆ ಬೆವರು ಬಂತು. ಅವರು ತಿದಿಯನ್ನು ಜೋರಾಗಿ ಒತ್ತಿದರು. ಹುಡುಗಿಯರು ಜೋರು ಮಾಡಲಿಲ್ಲ. ಆಗ ಅವರು ತಪ್ಪು ಮಾಡಿದರು. ಹಾಡಿನ ನಡುವೆ ಹುಡುಗಿಯರ ಸೂರನ್ನು ಹುಡುಕಲು ಹೊರಟರು. ಗಾಬರಿಯಲ್ಲಿ, ತಾವೇ ಚುಕ್ಕೆ ಒರೆಸಿದ ಪಟ್ಟಿ ಅವರ ಕೈಗೆ ಸಿಗಲಿಲ್ಲ. ಒಂದು ಬಿಳಿ ಒತ್ತಿದರು, ತಪ್ಪಿತು; ಪಕ್ಕದ ಕರಿ, ಅದೂ ತಪ್ಪಿತು. ಪೇಟಿ ಕತ್ತಲೆಯಲ್ಲಿ ಪಾತ್ರೆ ತಡಕಾಡಿದಂತೆ ಕೇಳಿಸಿತು. ಸಭೆಯ ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಈ ಸಲದ ನಗು ಎಲ್ಲಿಗೆ ಎಂಬುದರಲ್ಲಿ ಸಂಶಯವಿರಲಿಲ್ಲ.

ಮುಂದಿನ ಗಾದಿಯಿಂದ ವೃದ್ಧ ಗವಾಯಿಗಳು ಕಣ್ಣು ತೆರೆಯದೆ ಕೈ ಎತ್ತಿದರು.

“ಮಾಸ್ತರ, ಹುಡುಗ್ಯಾರು ಸೂರಿನ್ಯಾಗ ಅದಾರ. ನಿಮ್ಮ ಪೇಟಿ ತಪ್ಪೇತಿ. ಅದನ್ನಷ್ಟು ಮುಚ್ಚಿಬಿಡ್ರಿ, ಛಲೋ ಹಾಡಾಕತ್ತಾರ, ಕೇಳೋಣು.”

ಪೇಟಿ ನಿಂತಿತು. ತಿದಿಯ ಕೊಂಡಿ ಬಿದ್ದ ಸಪ್ಪಳ ಇಡೀ ಸಭೆಗೆ ಕೇಳಿಸಿತು.

ಮೇಳ ನಿಲ್ಲಲಿಲ್ಲ. ಕದ್ದ ಉಸಿರಿನ ಮೇಲೆ ಸಾಲು ತುಂಡಾಗದೆ ಬಂತು. ‘ತೆನೆ’ಯನ್ನು ಈ ಸಲ ಯಾರೊಬ್ಬಳಿಗೂ ಒಪ್ಪಿಸಿರಲಿಲ್ಲ, ಎಲ್ಲರೂ ಕೂಡಿ ಏರಬೇಕಿತ್ತು. ಏರಿದರು. ಆ ಗಾಂಧಾರದಲ್ಲಿ ನಾನು ವರ್ಷದಿಂದ ಕೇಳದಿದ್ದ ಒಂದು ಧ್ವನಿ ಕೇಳಿಸಿತು. ಹಿಂದಿನ ಸಾಲಿನ ನಡುವಿನವಳು ಬಾಯಿ ತೆರೆದಿದ್ದಳು. ನಾನು ಹೇಳಿರಲಿಲ್ಲ.

ಸಭೆ ಚದುರಿದ ಮೇಲೆ ಪಡಸಾಲೆಯಲ್ಲಿ ಮಾಸ್ತರರು ನನ್ನನ್ನು ತಡೆದರು. ತಲೆಯ ರುಮಾಲು ಕೈಯಲ್ಲಿತ್ತು.

“ಹಿರ್ಯಾರ ಮುಂದ ನನ್ನ ಮರ್ಯಾದಿ ಕಳದ್ರಿ ಅಕ್ಕಾರ.”

“ಚುಕ್ಕಿ ಇಟ್ಟಿದ್ದೆ ಮಾಸ್ತರ. ಒರಿಸಿದವರು ನೀವು.”

ಅವರು ರುಮಾಲನ್ನು ಇನ್ನೊಂದು ಕೈಗೆ ತೆಗೆದುಕೊಂಡರು. “ನಾ ಒರಿಸಲಿ ಅಂತನ ಇಟ್ಟಿದ್ರಿ.”

“ಹೌದ್ರಿ.”

ಅವರು ಮೆಟ್ಟಿಲಿಳಿದರು. ಮುಖ್ಯೋಪಾಧ್ಯಾಯಿನಿಯವರು ಒಳಗೆ ಕರೆದರು. ಅಧ್ಯಕ್ಷರು ಮೇಳ ನನ್ನ ಕೈಯಲ್ಲೇ ಇರಲಿ ಎಂದು ಹೇಳಿ ಹೋಗಿದ್ದರು. ಮುಖ್ಯೋಪಾಧ್ಯಾಯಿನಿಯವರ ಮುಖದಲ್ಲಿ ಸಮಾಧಾನವಿತ್ತು, ಜೊತೆಗೆ ಒಂದು ದಾಕ್ಷಿಣ್ಯವೂ ಇತ್ತು.

“ನೋಡವಾ, ಇಷ್ಟ ಆದ ಮ್ಯಾಲ ಮಾಸ್ತರಿಗೆ ನಿನ್ನ ಮುಂದ ಕೂಡೂದು ಕಷ್ಟ. ನಾಳಿಂದ ಮುಂಜಾನಿ ಪ್ರಾರ್ಥನಾಕ್ಕ ಪೇಟಿ ಬಿಟ್ಟುಬಿಡೋಣೇನು? ನೀನೂ ಹಿಂದ ಅದನ್ನ ಕೇಳಿದ್ದಿ. ಅವರಿಗೂ ಬಿಡುಗಡಿ.”

ನಾನು ವರ್ಷದ ಹಿಂದೆ ಬೇಡಿದ್ದು ಅದೇ. ಈಗ ಅದು ಅಂಗೈಯಲ್ಲಿತ್ತು. ಹೂಂ ಅಂದಿದ್ದರೆ ಮಾಸ್ತರರು ನಾಳೆಯಿಂದ ಮಧ್ಯಾಹ್ನದ ತರಗತಿಗಷ್ಟೇ ಬಂದು ಹೋಗುತ್ತಿದ್ದರು, ನಾವಿಬ್ಬರೂ ಎದುರಾಗುತ್ತಿರಲಿಲ್ಲ. ನನಗೆ ಪೇಟೆಯ ‘ಕೊಕ್ಕೊಕ್ಕೋ’ ನೆನಪಾಯಿತು.

“ಬ್ಯಾಡ್ರಿ,” ಎಂದೆ. “ಸೂರು ಮಾಸ್ತರು ಕೊಡೂದು ಸಾಲಿ ಪದ್ಧತಿ ಅಂದಿದ್ರಿ. ಪದ್ಧತಿ ಯಾಕ ಮುರೀಬೇಕು? ಅವರೇ ಕೊಡಲಿ.”

ಮುಖ್ಯೋಪಾಧ್ಯಾಯಿನಿಯವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಆಗಲಿ,” ಎಂದರು.

ಮರುದಿನ ಮುಂಜಾನೆ ಎಲ್ಲರಿಗಿಂತ ಮೊದಲು ಸಾಲೆಗೆ ಹೋದೆ. ಪೇಟಿಯ ಮೇಲಿನ ಧೂಳು ಒರೆಸಿ, ತೆರೆದು, ನಾಲ್ಕನೆಯ ಕರಿ ಪಟ್ಟಿಯ ಮೇಲೆ ಚುಕ್ಕೆ ಇಟ್ಟೆ. ಗಂಟೆಯಾಯಿತು. ಹುಡುಗಿಯರೆಲ್ಲ ಸಾಲಾಗಿ ನಿಂತರು. ಅಮ್ಮಿನಬಾವಿಯ ಹುಡುಗಿಯನ್ನು ಮುಂದಿನ ಸಾಲಿಗೆ ಕರೆದು, ಪೇಟಿಗೆ ಎದುರಾಗಿ ನಿಲ್ಲಿಸಿದೆ. ಮಾಸ್ತರರು ಬಂದು ಕುಳಿತರು. ಧೋತರದ ನಿರಿಗೆ ಸರಿಮಾಡಿಕೊಂಡರು. ಚುಕ್ಕೆಯನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ.

“ಸೂರು ಕೊಡ್ರಿ ಮಾಸ್ತರ,” ಎಂದೆ.

ಅವರು ಕರಿ ನಾಲ್ಕು ಒತ್ತಿದರು. ಸೂರು ಹಿಡಿಯಲು ಹುಡುಗಿಯರಿಗೆ ಒಂದು ಉಸಿರು ಸಾಕು. ನಾನು ಹಾಡು ಹಚ್ಚಲು ಕೈ ಎತ್ತಲಿಲ್ಲ. ಅವರು ತಿದಿ ಒತ್ತುತ್ತಲೇ ಇದ್ದರು, ಬೆರಳು ಚುಕ್ಕೆಯ ಮುಂದೆ ಹಾಗೆಯೇ ಇತ್ತು. ಎಲ್ಲರೂ ಕಾದರು. ನನಗೆ ಸಾಕೆನಿಸುವ ತನಕ ಹಿಡಿಸಿ, ಆಮೇಲೆ ಕೈ ಎತ್ತಿದೆ.